ಟಾಮ್‌ಗೆ ಬೇಕಾದದ್ದು ಬಿಗಿಯಲ್ಲ, ಸಮನಾದ ಎಳೆತ

ಹಳೆಯ ಡ್ರಮ್ ಸೆಟ್ ಕೊಂಡು, ಅದರಲ್ಲಿ ಕೋಲಿನಿಂದ ನುಡಿಸುವ ಎರಡು ಮುಖದ ಡ್ರಮ್ಮುಗಳಾದ ಟಾಮ್‌ಗಳಿಗೆ ಹೊಸ ಹೆಡ್ (ಮುಖಕ್ಕೆ ಬಿಗಿಯುವ ಹಾಳೆ) ಹಾಕಿ, ಕೈಲಾದಷ್ಟು ಬಿಗಿ ಮಾಡಿದರೂ ತಗಡಿನ ಡಬ್ಬ ಬಡಿದಂತೆ ಕೇಳುತ್ತಿದೆ ಎಂದು ಬರೆದಿದ್ದೀರಿ. ಕೋಲಾರದ ಸುತ್ತಮುತ್ತ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ನುಡಿಸುವ ನಾನೂ ಮೊದಲು ಇದೇ ತಪ್ಪು ಮಾಡುತ್ತಿದ್ದೆ.

ಹೆಡ್ ಬಿಚ್ಚಿದಾಗ ಮರದ ಅಂಚನ್ನು ಒಣಬಟ್ಟೆಯಿಂದ ಒರೆಸಿ, ಅದರ ಮೇಲೆ ಸುತ್ತಲೂ ಬೆರಳಾಡಿಸಿ ನೋಡಿ. ಅಲ್ಲಿ ಕಚ್ಚು ಬಿದ್ದಿದ್ದರೆ ಶ್ರುತಿ ಸರಿಯಾಗಿ ಕೂರುವುದಿಲ್ಲ. ಹೆಡ್ಡು, ಅದನ್ನು ಹಿಡಿದಿಡುವ ಬಳೆಯಾದ ರಿಮ್ಮು ಕೂರಿಸಿದ ಮೇಲೆ ಎಲ್ಲ ಬೋಲ್ಟುಗಳನ್ನೂ ಬರಿಯ ಬೆರಳಿನಿಂದ ಆಗುವಷ್ಟು ತಿರುಗಿಸಿ, ಆಮೇಲೆ ಬೋಲ್ಟು ತಿರುಗಿಸುವ ಕೀ ಹಿಡಿದು ಒಂದಾದ ಮೇಲೆ ಅದರ ಎದುರಿನದು ಎಂಬಂತೆ ಪ್ರತಿಯೊಂದಕ್ಕೂ ಕಾಲು ಸುತ್ತು ಮಾತ್ರ ಕೊಡುತ್ತಾ ಹೋಗಿ. ಹೆಡ್ಡಿನ ಸುಕ್ಕು ಹೋದ ಬಳಿಕ ನಡುವೆ ಬೆರಳನ್ನು ಹಗುರವಾಗಿ ಇಟ್ಟು, ಪ್ರತಿ ಬೋಲ್ಟಿನಿಂದ ಒಂದು ಇಂಚು ಒಳಗೆ ಕೋಲಿನಿಂದ ಮೆಲ್ಲಗೆ ತಟ್ಟಿ ಕೇಳಿ. ಒಂದು ಬೋಲ್ಟಿನ ಸ್ವರ ಮೇಲಿದ್ದರೆ ಅದನ್ನು ಬೇಕಾದದ್ದಕ್ಕಿಂತ ಕೆಳಗಿಳಿಸಿ, ಮತ್ತೆ ಬಿಗಿ ಮಾಡುತ್ತಲೇ ಸ್ವರಕ್ಕೆ ತನ್ನಿ. ಸಡಿಲಿಸುತ್ತಾ ನಿಲ್ಲಿಸಿದ ಬೋಲ್ಟು ನುಡಿಸುವಾಗ ಇನ್ನೂ ಇಳಿಯುತ್ತದೆ.

ಬಹಳ ಜನ ಕೆಳಗಿನ ಹೆಡ್ಡನ್ನು ಮುಟ್ಟುವುದೇ ಇಲ್ಲ. ಒಮ್ಮೆ ಒಂದು ಊರಿನಲ್ಲಿ ಕೆಳಗಿನ ಒಂದೇ ಬೋಲ್ಟು ಸಡಿಲವಾಗಿದ್ದದ್ದು ತಿಳಿಯದೆ, ಮೇಲೆ ಬಟ್ಟೆ ಅಂಟಿಸಿಕೊಂಡು ಇಡೀ ರಾತ್ರಿ ನುಡಿಸಿದ್ದೇನೆ. ಆ ಬೇಸರ ನನಗೆ ಇನ್ನೂ ಹೋಗಿಲ್ಲ. ಟಾಮನ್ನು ಜಮಖಾನದ ಮೇಲಿಟ್ಟರೆ ಒಂದು ಮುಖ ಮೌನವಾಗುವುದರಿಂದ ಇನ್ನೊಂದರ ಸ್ವರ ಸ್ಪಷ್ಟವಾಗಿ ಕೇಳುತ್ತದೆ. ಎರಡೂ ಮುಖಗಳ ಸ್ವರ ಒಂದೇ ಆಗಿದ್ದರೆ ನಾದ ಉದ್ದವಾಗಿ ನಿಲ್ಲುತ್ತದೆ, ಕೆಳಗಿನ ಮುಖದ ಸ್ವರ ತುಸು ಏರಿದ್ದರೆ ಬೇಗ ಮುಗಿಯುತ್ತದೆ. ಮೈಕ್ ಇಡುವ ವೇದಿಕೆಗೆ ನನಗೆ ಎರಡನೆಯದೇ ಇಷ್ಟ.

ನಮ್ಮ ಸೀಮೆಯ ತಮಟೆಯವರು ಚರ್ಮವನ್ನು ಹುಲ್ಲಿನ ಬೆಂಕಿಗೆ ಕಾಯಿಸಿ ಶ್ರುತಿ ಏರಿಸುವುದನ್ನು ಕಂಡು, ಡ್ರಮ್ಮಿಗೂ ಹಾಗೆ ಮಾಡಬೇಡಿ. ಡ್ರಮ್ಮಿನ ಹೆಡ್ ಈಗ ಸಾಮಾನ್ಯವಾಗಿ ಪಾಲಿಯೆಸ್ಟರ್ ಹಾಳೆಯಾದ್ದರಿಂದ ಬೆಂಕಿಯ ಬಿಸಿಗೆ ಸುಕ್ಕುಗಟ್ಟಿ ಹಾಳಾಗುತ್ತದೆ.

ಮೂರು ಟಾಮ್‌ಗಳಿದ್ದರೆ ಚಿಕ್ಕದನ್ನು ಪಂಚಮಕ್ಕೆ, ಮುಂದಿನದನ್ನು ಗಾಂಧಾರಕ್ಕೆ, ನೆಲದ ಮೇಲೆ ನಿಲ್ಲುವ ದೊಡ್ಡ ಫ್ಲೋರ್ ಟಾಮನ್ನು ಷಡ್ಜಕ್ಕೆ ಇಟ್ಟು ನೋಡಿ. ಹಾಡಿನ ಕೊನೆಯಲ್ಲಿ ಮೂರನ್ನೂ ಒಂದರ ಹಿಂದೊಂದು ಬಾರಿಸಿದಾಗ ಕಿವಿಗೆ ತುಂಬಾ ಹಿತವಾಗಿರುತ್ತದೆ. ಆ ಹೊತ್ತಿಗೆ, ಕೆಳಮುಖಕ್ಕೆ ತಂತಿ ಕಟ್ಟಿದ ಡ್ರಮ್ಮಾದ ಸ್ನೇರ್‌ನ ತಂತಿಗಳು ಗುಂಯ್‌ಗುಟ್ಟಿದರೆ ಸ್ನೇರ್‌ಗೆ ಬಟ್ಟೆ ತುರುಕಬೇಡಿ, ಯಾವ ಟಾಮ್‌ಗೆ ಅದು ಓಗೊಡುತ್ತಿದೆ ಎಂದು ಗುರುತಿಸಿ, ಆ ಟಾಮನ್ನು ಕೂದಲೆಳೆಯಷ್ಟು ಏರಿಸಿ ಇಲ್ಲವೇ ಇಳಿಸಿ ನೋಡಿ.