ಬೆಂಗಳೂರಿನ ಕಾಲೇಜಿಗೆ ಹೊಂದ್ಕೊಳ್ಳಕ್ಕೆ ಆಗ್ತಿಲ್ಲ, ಶಿವಮೊಗ್ಗಕ್ಕೆ ಬಂದುಬಿಡ್ಲಾ?

ತೀರ್ಥಹಳ್ಳಿ ಕಡೆಯವಳು, ಬೆಂಗಳೂರಲ್ಲಿ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೆಳಗಿನ ಕಾಲೇಜಲ್ಲಿ ಇಂಜಿನಿಯರಿಂಗ್ ಫಸ್ಟ್ ಇಯರ್, ಕ್ಲಾಸಲ್ಲಿ ಯಾರ ಜೊತೆನೂ ಸೇರಕ್ಕೆ ಆಗ್ತಿಲ್ಲ, ಶಿವಮೊಗ್ಗದ ಕಾಲೇಜಿಗೆ ಟ್ರಾನ್ಸ್‌ಫರ್ ತಗೊಳ್ಳಲಾ ಅಂತ ಕೇಳಿದೀಯ. ನನಗಿಂತ ಚಿಕ್ಕವಳು, ಹಂಗಾಗಿ ನೀನು ಅಂತಲೇ ಬರೀತೀನಿ, ಬೇಜಾರ್ ಮಾಡ್ಕೋಬೇಡ. ನಂದು ಹೊಸನಗರದ ಕಡೆ, ನಾನೂ ಬೆಂಗಳೂರಲ್ಲಿ ಫಸ್ಟ್ ಇಯರ್ ಮುಗಿಸಿ ಮೂರನೇ ಸೆಮ್‌ಗೆ ಶಿವಮೊಗ್ಗಕ್ಕೆ ಬಂದವಳು. ಬಂದಿದ್ದಕ್ಕೆ ಬೇಜಾರೇನಿಲ್ಲ, ಆದ್ರೆ ನೀನೂ ಬಾ ಅಂತ ಈಗಲೇ ಹೇಳಲ್ಲ.

ಮೊದ್ಲು ನಿಂಗೆ ಆಗ್ತಿಲ್ದೇ ಇರೋದು ಕಾಲೇಜಾ ಪಿಜಿನಾ ಅಂತ ನೋಡ್ಕೊ. ನಮ್ಮ ಪಿಜಿ ರೂಮಲ್ಲಿ ಉಳಿದವರೆಲ್ಲ ಹಿಂದಿಯವರು, ರಾತ್ರಿ ಎರಡರ ತನಕ ಫೋನಲ್ಲಿ ಜೋರಾಗಿ ಮಾತು, ಲೈಟ್ ಆರ್ಸಂಗಿಲ್ಲ, ಊಟಕ್ಕೆ ಅದೇ ನೀರುನೀರು ಸಾಂಬಾರು, ನಿದ್ದೆ ಇಲ್ದೆ ಬೆಳಗ್ಗೆ ಕ್ಲಾಸಲ್ಲಿ ಕೂತ್ರೆ ಪಕ್ಕದವಳು ಏನಾದ್ರೂ ಕೇಳಿದ್ರೂ ಮಾತಾಡಕ್ಕೆ ಮನಸ್ಸಾಗ್ತಿರ್ಲಿಲ್ಲ. ಅವಳು ಜಂಬದವಳು ಅನ್ನಂಗಿಲ್ಲ, ಪಾಪ, ನಾನೇ ಅರ್ಧ ನಿದ್ದೇಲಿದ್ದೆ. ಪಿಜಿ ಬದಲಾಯ್ಸಿದ್ರೆ ಹೆಚ್ಚಂದ್ರೆ ಅಡ್ವಾನ್ಸಲ್ಲಿ ಸ್ವಲ್ಪ ಹೋಗತ್ತೆ ಅಷ್ಟೇ. ಕಾಲೇಜು ಹಂಗಲ್ವಲ್ಲ. ಈ ಸೆಮ್ ಮುಗಿಯೋದ್ರೊಳಗೆ ಅದೊಂದು ಮಾಡಿ ನೋಡು.

ಮತ್ತೊಂದು, ಶಿವಮೊಗ್ಗಕ್ಕೆ ಬಂದ ತಕ್ಷಣ ಮನೆಗೆ ಬಂದಂಗಲ್ಲ ಮಾರಾಯ್ತಿ. ತೀರ್ಥಹಳ್ಳಿಯಿಂದ ಇಲ್ಲಿಗೆ ಹತ್ತತ್ರ 60 ಕಿಲೋಮೀಟರ್, ಅಲ್ಲಿಂದಾಚೆ ನಿಮ್ಮನೆ ಎಲ್ಲಿದ್ಯೋ, ಮಳೆಗಾಲದಲ್ಲಿ ದಿನಾ ಓಡಾಡ್ಕೊಂಡು ಲ್ಯಾಬ್ ರೆಕಾರ್ಡ್ ಬರೆಯದು ಆಗದ ಮಾತು. ಇಲ್ಲೂ ಹಾಸ್ಟೆಲ್ಲೇ, ಇಲ್ದಿದ್ರೆ ವಿನೋಬನಗರದಲ್ಲೋ ಮತ್ತೆಲ್ಲೋ ಒಂದು ಪಿಜಿನೇ. ನಂಗೆ ನಿಜವಾಗ್ಲೂ ಆಗಿದ್ದ ಉಪಕಾರ ಅಂದ್ರೆ ಶನಿವಾರ ಕ್ಲಾಸ್ ಬಿಟ್ಟು ಬಸ್ ಹತ್ತಿದ್ರೆ ರಾತ್ರಿ ಊಟಕ್ಕೆ ಮನೇಲಿರ್ತಿದ್ದೆ, ಭಾನುವಾರ ಅಮ್ಮನ ಕೈಲಿ ಕೊಟ್ಟೆ ಕಡುಬು ತಿಂದು, ಉಪ್ಪಿನಕಾಯಿ ಕಟ್ಟಿಸ್ಕೊಂಡು ವಾಪಸ್. ಬೆಂಗಳೂರಾದ್ರೆ 300 ಕಿಲೋಮೀಟರಿಗೂ ಜಾಸ್ತಿ, ಹಬ್ಬಕ್ಕೆ ಬರಕ್ಕೂ ಟಿಕೆಟ್ ಸಿಗಲ್ಲ. ನಿಂಗೆ ಬೇಕಾಗಿರೋದು ಇಷ್ಟೇ ಆದ್ರೆ ಬರದು ಸರಿನೇ, ಅದೇನು ಸಣ್ಣ ಕಾರಣ ಅಂತ ನಾನಂತೂ ಅನ್ನಲ್ಲ, ನೆಂಟರು ಏನ್ ಬೇಕಾದ್ರೂ ಅನ್ಲಿ.

ಆದ್ರೆ ಹೊಸ ಕ್ಲಾಸಲ್ಲೂ ಮೊದ್ಮೊದ್ಲು ಒಂಟಿನೇ. ನಾನು ಬರೋ ಹೊತ್ತಿಗೆ ಗುಂಪುಗಳೆಲ್ಲ ಆಗಿಹೋಗಿದ್ವು, ಕ್ಯಾಂಟೀನಲ್ಲಿ ಯಾರ್ ಎಲ್ಲಿ ಕೂರ್ತಾರೆ ಅನ್ನೋದು ಕೂಡ ಫಿಕ್ಸು. ನಂಗೆ ಸಿಕ್ಕಿದ್ದು ಡಿಪ್ಲೊಮಾದವರು. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರೀಲಿ ಬರೋರು ಸೀದಾ ಮೂರನೇ ಸೆಮ್‌ಗೇ ಸೇರ್ತಾರಲ್ಲ, ಅವ್ರ ಯುಎಸ್‌ಎನ್ (ವಿಟಿಯು ರಿಜಿಸ್ಟರ್ ನಂಬರ್) ಕೊನೇ ಮೂರಂಕಿನೂ 400ರಿಂದ ಶುರು, ಹಾಜರಿ ಪಟ್ಟೀಲೂ ಕೊನೇಲಿ. ನನ್ ಹೆಸರೂ ಆ ಬಾಲಕ್ಕೇ ಅಂಟಿಸಿದ್ರು, ಹಂಗಾಗಿ ಲ್ಯಾಬ್ ಬ್ಯಾಚೂ ಅವರ ಜೊತೆ. ಅವ್ರಿಗೆ ಮ್ಯಾಥ್ಸ್ ಕಷ್ಟ, ನಂಗೆ ಸರ್ಕ್ಯೂಟ್ ಕನೆಕ್ಷನ್ ಕೊಡಕ್ಕೆ ಬರ್ತಿರ್ಲಿಲ್ಲ, ಅವ್ರು ಕಣ್ಮುಚ್ಕೊಂಡು ಕೊಡ್ತಿದ್ರು. ಅಲ್ಲಿಂದ ಮಾತು ಶುರುವಾಯ್ತು. ನೀನು ಬಂದ್ರೂ ಬರದಿದ್ರೂ ಮೂರನೇ ಸೆಮ್‌ಗೆ ನಿನ್ನ ಈಗಿನ ಕ್ಲಾಸಿಗೂ ಇಂಥವ್ರು ಬರ್ತಾರೆ, ಅವ್ರೂ ಹೊಸಬರೇ, ನೆನಪಿರ್ಲಿ.

ಇನ್ನು ಕಾಗದಪತ್ರದ ವಿಷ್ಯ. ಫಸ್ಟ್ ಇಯರ್ ಮಧ್ಯದಲ್ಲಿ ಆಗದಲ್ಲ, ಮೂರನೇ ಸೆಮ್ ಹೊತ್ತಿಗೆ ಕೇಳ್ಬೇಕು. ಬರೋ ಕಾಲೇಜಲ್ಲಿ ನಿನ್ನ ಬ್ರಾಂಚಲ್ಲೇ ಸೀಟ್ ಖಾಲಿ ಇರ್ಬೇಕು, ಕಂಪ್ಯೂಟರ್ ಸೈನ್ಸ್ ಆದ್ರೆ ಇದೇ ದೊಡ್ಡ ತಲೆನೋವು, ಯಾರಾದ್ರೂ ಬಿಟ್ಟು ಹೋಗಿದ್ರೆ ಉಂಟು ಇಲ್ದಿದ್ರೆ ಇಲ್ಲ. ಎರಡೂ ಕಾಲೇಜಿಂದ ಎನ್‌ಒಸಿ, ಅಂದ್ರೆ ನಮ್ದೇನೂ ಅಭ್ಯಂತರ ಇಲ್ಲ ಅನ್ನೋ ಪತ್ರ, ಆಮೇಲೆ ವಿಟಿಯು ಒಪ್ಪಿಗೆ. ನಿಂದು ಅಟಾನಮಸ್ (ಸಿಲಬಸ್ ತಾನೇ ಮಾಡ್ಕೊಳ್ಳೋ) ಕಾಲೇಜಾದ್ರೆ ಸಿಲಬಸ್ ಬೇರೆ, ಇಲ್ಲಿ ಬಂದು ಯಾವ ಸಬ್ಜೆಕ್ಟ್ ಎಕ್ಸ್‌ಟ್ರಾ ಬರೀಬೇಕಾಗತ್ತೆ ಅಂತ ಮೊದ್ಲೇ ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಹತ್ರ ಬರೆಸ್ಕೊ, ಬಾಯಿ ಮಾತು ನಂಬ್ಬೇಡ. ಸಿಇಟಿ ಸೀಟಾದ್ರೆ ಫೀಸ್ ಅದೇ ಇರತ್ತಾ, ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಪೋರ್ಟಲ್) ಸ್ಕಾಲರ್‌ಶಿಪ್ ಬರ್ತಿದ್ರೆ ಅದರಲ್ಲಿ ಕಾಲೇಜ್ ಹೆಸ್ರು ಬದಲಾಯ್ಸದು ಹೆಂಗೆ, ಎಲ್ಲ ಕೇಳ್ಕೊ. ಪ್ಲೇಸ್‌ಮೆಂಟ್ ಬೆಂಗಳೂರಿನಷ್ಟು ಇಲ್ಲಿಲ್ಲ, ಸುಳ್ಳು ಹೇಳಿ ಪ್ರಯೋಜನ ಇಲ್ಲ, ಇಂಟರ್ನ್‌ಶಿಪ್ಪಿಗೆ ಮತ್ತೆ ಬೆಂಗಳೂರಿಗೇ ಹೋಗ್ಬೇಕಾಗತ್ತೆ.

ಊಟ ಸೇರ್ತಿಲ್ಲ, ನಿದ್ದೆ ಇಲ್ಲ, ಸುಮ್ಸುಮ್ನೆ ಅಳು ಬರ್ತಿದೆ ಅಂತಾದ್ರೆ ಮಾತ್ರ ಸೆಮ್ ಮುಗಿಯೋ ತನಕ ಕಾಯ್ಬೇಡ, ಮನೇಲಿ ಹೇಳು, 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಮುಂದಿನ ಸಲ ಊರಿಗೆ ಬಂದಾಗ ಒಂದು ದಿನ ಜಾಸ್ತಿ ರಜ ಹಾಕಿ ವಾರದ ದಿನ ಆ ಕಾಲೇಜಿಗೆ ಹೋಗು, ಭಾನುವಾರ ಗೇಟ್ ನೋಡ್ಕೊಂಡು ಬಂದ್ರೆ ಎಂತದೂ ಗೊತ್ತಾಗಲ್ಲ. ಕ್ಯಾಂಟೀನಲ್ಲಿ ನಿನ್ನ ಬ್ರಾಂಚಿನ ಸೀನಿಯರ್ಸ್ ಹತ್ರ ಮಾತಾಡಿ, ಆಮೇಲೆ ಆಫೀಸಲ್ಲಿ ಸೀಟ್ ಖಾಲಿ ಇದ್ಯಾ ಕೇಳು. ಊಟದ ಹೊತ್ತಿಗೆ ಹೋಗ್ಬೇಡ, ನಾಳೆ ಬಾ ಅಂತಾರೆ.