ಕ್ವಾರ್ಟರ್‌ಬ್ಯಾಕ್‌ನನ್ನು ಅಳೆಯುವಾಗ ತೋಳನ್ನು ನೋಡಬೇಕೋ, ಕಣ್ಣನ್ನು ನೋಡಬೇಕೋ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಆಕ್ರಮಣವನ್ನು ನಡೆಸಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಎತ್ತರ, ಓಟದ ವೇಗ, ತೋಳಿನ ಬಲ ಇವೆಲ್ಲವನ್ನೂ ಅಳೆಯಬಹುದು, ಆದರೆ ಅವನ ತಲೆಯೊಳಗೆ ನಡೆಯುವುದನ್ನು ಹೊರಗಿನವರು ಅಳೆಯುವುದು ಹೇಗೆ, ಎರಡರಲ್ಲಿ ಯಾವುದಕ್ಕೆ ಹೆಚ್ಚು ಬೆಲೆ ಕೊಡಬೇಕು ಎಂದು ನೀವು ಕೇಳಿದ್ದೀರಿ. ಬಹುಕಾಲದಿಂದ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಪಂದ್ಯಗಳನ್ನು ಪ್ರೀತಿಯಿಂದ ನೋಡುತ್ತ ಬಂದಿರುವ ನನ್ನ ಅಭಿಪ್ರಾಯದಲ್ಲಿ ಮಾನಸಿಕ ಕೌಶಲವೂ ಕಣ್ಣಿಗೆ ಕಾಣುವಂಥದ್ದೇ. ಅದನ್ನು ಕಾಣಬೇಕಾದರೆ ಚೆಂಡು ಎಲ್ಲಿಗೆ ಹೋಯಿತು ಎಂಬುದಕ್ಕಿಂತ, ಯಾವ ಕ್ಷಣದಲ್ಲಿ ಕೈಬಿಟ್ಟಿತು ಎಂಬುದರ ಮೇಲೆ ಗಮನವಿಡಬೇಕು.

ಪ್ರತಿ ಪ್ಲೇ, ಅಂದರೆ ಚೆಂಡನ್ನು ಮುಂದೊಯ್ಯುವ ಒಂದೊಂದು ಯತ್ನ, ಆರಂಭವಾಗಲು ಸಾಮಾನ್ಯವಾಗಿ 40 ಸೆಕೆಂಡುಗಳ ಗಡುವಿರುತ್ತದೆ. ಹೆಲ್ಮೆಟ್‌ನೊಳಗಿನ ರೇಡಿಯೊದಲ್ಲಿ ಕೋಚ್‌ನ ಸೂಚನೆ ಕೇಳಿಸುತ್ತದೆಯಾದರೂ, ಗಡಿಯಾರ 15ಕ್ಕೆ ಇಳಿದೊಡನೆ ಆ ಸಂಪರ್ಕ ಕಡಿದುಹೋಗುತ್ತದೆ. ಅಲ್ಲಿಂದ ಮುಂದೆ ಎದುರಾಳಿಗಳ ವ್ಯೂಹವನ್ನು ಓದಿ, ಬೇಕಿದ್ದರೆ ಪ್ಲೇಯನ್ನೇ ಬದಲಿಸುವ ಹೊಣೆ ಮುಖ್ಯವಾಗಿ ಅವನದು. ಸ್ನ್ಯಾಪ್ ಆದ ಮೇಲೆ, ಅಂದರೆ ಚೆಂಡು ಅವನ ಕೈಗೆ ಬಂದು ಪ್ಲೇ ಶುರುವಾದ ಮೇಲೆ, ಅವನಿಗೆ ದಕ್ಕುವುದು ಹೆಚ್ಚುಕಡಿಮೆ ಎರಡೂವರೆಯಿಂದ ಮೂರು ಸೆಕೆಂಡು. ಅಷ್ಟರಲ್ಲಿ, ಹಿಂದೆ ಜೋಡಿಯಾಗಿ ನಿಂತಿದ್ದ ಇಬ್ಬರು ಸೇಫ್ಟಿಗಳಲ್ಲಿ (ರಕ್ಷಣೆಯ ಕೊನೆಯ ಸಾಲಿನ ಆಟಗಾರರಲ್ಲಿ) ಒಬ್ಬ ಮುಂದಕ್ಕೆ ಇಳಿದು ಇನ್ನೊಬ್ಬ ನಡುವಿಗೆ ಸರಿದರೆ, ಸ್ನ್ಯಾಪ್‌ಗೆ ಮೊದಲು ಅವನು ಕಂಡಿದ್ದ ಚಿತ್ರವೇ ಸುಳ್ಳಾಗುತ್ತದೆ. ಆ ಸುಳ್ಳನ್ನು ಎಷ್ಟು ಬೇಗ ಗುರುತಿಸುತ್ತಾನೆ ಎಂಬುದನ್ನೇ ನಾನು ಮಾನಸಿಕ ಕೌಶಲ ಎನ್ನುತ್ತೇನೆ. ಪ್ಲೇಬುಕ್ಕನ್ನು ಬಾಯಿಪಾಠ ಮಾಡುವುದು ಬೇರೆಯ ಸಂಗತಿ.

ಆದ್ದರಿಂದಲೇ ಮೈದಾನದ ಹೊರಗೆ ನಡೆಯುವ ಪರೀಕ್ಷೆಗಳ ಬಗ್ಗೆ ನನಗೆ ನಂಬಿಕೆ ಕಡಿಮೆ. 12 ನಿಮಿಷಗಳಲ್ಲಿ 50 ಪ್ರಶ್ನೆಗಳನ್ನು ಬಿಡಿಸಬೇಕಿದ್ದ ವಂಡರ್ಲಿಕ್ ಪರೀಕ್ಷೆಯನ್ನು ಲೀಗ್ 2022ರಲ್ಲಿ ಕೈಬಿಟ್ಟಿತು. ಬಳಿಕ ಹೆಚ್ಚು ಮಾತಿಗೆ ಬಂದ ಗ್ರಹಿಕೆಯ ವೇಗ ಅಳೆಯುವ ಎಸ್2 ಪರೀಕ್ಷೆಯಲ್ಲಿ ಕ್ವಾರ್ಟರ್‌ಬ್ಯಾಕ್ ಸಿ. ಜೆ. ಸ್ಟ್ರೌಡ್ ಅವರಿಗೆ ಬಹಳ ಕಡಿಮೆ ಅಂಕ ಬಂದಿದೆಯೆಂಬ ಸುದ್ದಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2023ರ ಡ್ರಾಫ್ಟ್‌ಗೆ ಮುನ್ನ ಸೋರಿಕೆಯಾಯಿತು. ಅದೇ ವರ್ಷ ಅವರು ಹ್ಯೂಸ್ಟನ್ ಪರವಾಗಿ ಅಂಕ ತರುವ 23 ಟಚ್‌ಡೌನ್ ಪಾಸ್‌ಗಳನ್ನು ಎಸೆದು, ಕೇವಲ 5 ಎಸೆತಗಳನ್ನು ಎದುರಾಳಿಗಳ ಕೈಗೆ ಕೊಟ್ಟು, ಆಕ್ರಮಣ ವಿಭಾಗದ ಅತ್ಯುತ್ತಮ ಹೊಸ ಆಟಗಾರ ಎನಿಸಿಕೊಂಡರು.

ತಡವಾಗಿ ಕಾಣುವುದೆಂದರೆ ಏನೆಂದು ತಿಳಿಯಲು, 2019ರ ಫೆಬ್ರುವರಿಯಲ್ಲಿ ಅಟ್ಲಾಂಟಾದಲ್ಲಿ ನಡೆದ, ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ನ ಮೂರನೆಯ ಕ್ವಾರ್ಟರನ್ನು ದಯವಿಟ್ಟು ನೋಡಿ. ರ‍್ಯಾಮ್ಸ್ ತಂಡದ ಬ್ರ್ಯಾಂಡಿನ್ ಕುಕ್ಸ್ ಮೈದಾನದ ತುದಿಯಲ್ಲಿ ಅಂಕ ಗಳಿಸುವ ಜಾಗವಾದ ಎಂಡ್ ಝೋನ್‌ನಲ್ಲಿ ಒಂಟಿಯಾಗಿದ್ದರು. ಅದೇ ತಂಡದ ಕ್ವಾರ್ಟರ್‌ಬ್ಯಾಕ್ ಜೇರೆಡ್ ಗಾಫ್, ಕುಕ್ಸ್ ಅವರನ್ನು ಗುರುತಿಸಿ ಎಸೆಯುವಷ್ಟರಲ್ಲಿ, ದೂರದಲ್ಲಿದ್ದ ಪೇಟ್ರಿಯಟ್ಸ್‌ನ ಜೇಸನ್ ಮೆಕೋರ್ಟಿ ಓಡಿಬಂದು ಚೆಂಡನ್ನು ಕೆಡವಿದರು. ರ‍್ಯಾಮ್ಸ್ ಆ ಪಂದ್ಯವನ್ನು 13-3ರಿಂದ ಸೋತಿತು. 2016ರ ಡ್ರಾಫ್ಟ್‌ನಲ್ಲಿ ಮೊದಲನೆಯವರಾಗಿ ಆಯ್ಕೆಯಾಗಿದ್ದ ಗಾಫ್ ಅವರ ತೋಳಿಗೆ ಆ ದೂರ ಏನೂ ಅಲ್ಲ. ಕೊರತೆಯಾದದ್ದು ಒಂದು ಸೆಕೆಂಡಿನಷ್ಟೂ ಇಲ್ಲದ ಸಮಯ. ಒಂದೇ ರಾತ್ರಿಯ ಆಟದಿಂದ ತೀರ್ಪು ಕೊಡುವುದು ಸಲ್ಲದು ಎಂಬುದನ್ನೂ ಇಲ್ಲಿಯೇ ಹೇಳಬೇಕು: ಮುಂದೆ 2023ರ ಋತುವಿನಲ್ಲಿ ಅವರೇ ಡೆಟ್ರಾಯಿಟ್ ತಂಡವನ್ನು ಲೀಗ್‌ನ ಎರಡು ವಿಭಾಗಗಳಲ್ಲಿ ಒಂದಾದ ಎನ್‌ಎಫ್‌ಸಿಯ ಅಂತಿಮ ಪಂದ್ಯದವರೆಗೆ ಒಯ್ದರು.

ಹಾಗೆಂದು ದೇಹಬಲವನ್ನು ಕಡೆಗಣಿಸುವಂತಿಲ್ಲ, ಏಕೆಂದರೆ ಬಲವಾದ ತೋಳು ತಡವಾದ ಕಣ್ಣಿಗೆ ಒಂದಿಷ್ಟು ಸಮಯವನ್ನು ಸಾಲವಾಗಿ ಕೊಡುತ್ತದೆ. ಸ್ಪಿನ್ನರ್‌ನ ಕೈಯಿಂದಲೇ ಚೆಂಡನ್ನು ಓದಲಾರದ ಬ್ಯಾಟ್ಸ್‌ಮನ್ ತನ್ನ ಚುರುಕಿನ ಕೈಗಳನ್ನು ನೆಚ್ಚಿ ಪಿಚ್ ಮೇಲೆ ಬಿದ್ದ ಚೆಂಡನ್ನು ನೋಡಿಯೇ ಕೆಲಕಾಲ ರನ್ ಗಳಿಸಬಲ್ಲ. ಕಾಲೇಜು ಫುಟ್‌ಬಾಲ್‌ನಲ್ಲಿ ಇಂಥ ಸಾಲದ ಮೇಲೆಯೇ ಮಿಂಚಿದವರು ಹಲವರು. 2007ರಲ್ಲಿ ಮೊದಲ ಆಯ್ಕೆಯಾದ, ಅಸಾಧಾರಣ ತೋಳಿನ ಜಮಾರ್ಕಸ್ ರಸೆಲ್ ಮೂರೇ ಋತುಗಳಲ್ಲಿ ಲೀಗ್‌ನಿಂದ ಹೊರಬಿದ್ದರು. 2000ದಲ್ಲಿ 40 ಗಜ ಓಡಲು 5.28 ಸೆಕೆಂಡು ತೆಗೆದುಕೊಂಡ ಟಾಮ್ ಬ್ರೇಡಿ 199ನೆಯವರಾಗಿ ಆಯ್ಕೆಯಾಗಿ ಏಳು ಸೂಪರ್ ಬೌಲ್ ಗೆದ್ದರು. ಆದರೆ ಬ್ರೇಡಿಯ ಕಥೆಯಿಂದ ತೋಳು ಬೇಕಿಲ್ಲ ಎಂಬ ಅರ್ಥ ತೆಗೆಯುವವರನ್ನು ನಾನು ಒಪ್ಪುವುದಿಲ್ಲ. ಅವರ ಕಾಲುಗಳು ನಿಧಾನವಾಗಿದ್ದವು, ಎಸೆತವಲ್ಲ.

ನೀವೇ ಪಂದ್ಯ ನೋಡುವಾಗ ಎಲ್ಲ 22 ಆಟಗಾರರೂ ಕಾಣುವ ದೃಶ್ಯಾವಳಿಯನ್ನು ಆರಿಸಿಕೊಂಡು, ಮೂರನೆಯ ಡೌನ್‌ನಲ್ಲಿ (10 ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದರಲ್ಲಿ) ಹೆಚ್ಚು ಗಜಗಳು ಬೇಕಿರುವ ಪ್ಲೇಗಳನ್ನೇ ನಿಲ್ಲಿಸಿ ನಿಲ್ಲಿಸಿ ನೋಡಿ. ಪಾಸ್ ಹಿಡಿಯುವ ರಿಸೀವರ್ ತಿರುಗುವ ಮೊದಲೇ ಚೆಂಡು ಹೊರಟಿತೇ, ಮೊದಲ ಗುರಿ ಮುಚ್ಚಿದಾಗ ಪಾದಗಳೂ ಕಣ್ಣಿನೊಂದಿಗೆ ಎರಡನೆಯ ಗುರಿಯತ್ತ ತಿರುಗಿದವೇ, ಸೇಫ್ಟಿಯನ್ನು ಬೇಕೆಂದೇ ಒಂದು ಕಡೆ ನೋಡಿ ಸರಿಸಿ ಇನ್ನೊಂದು ಕಡೆಗೆ ಎಸೆದನೇ ಎಂಬುದನ್ನು ಗಮನಿಸಿ. ಇವುಗಳಲ್ಲಿ ಪಾದಗಳಿಗೇ ನನ್ನ ಹೆಚ್ಚಿನ ಗಮನ, ಏಕೆಂದರೆ ಗೊಂದಲಗೊಂಡವನ ಪಾದಗಳು ಅದನ್ನು ಮುಚ್ಚಿಡಲಾರವು.

ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ, ಸಾಧಾರಣ ಮಟ್ಟದ ತೋಳಿರುವವನಲ್ಲಿ ನಾನು ಕಣ್ಣಿಗೇ ಹೆಚ್ಚಿನ ಬೆಲೆ ಕೊಡುತ್ತೇನೆ. ಆದರೂ ಬಫಲೊ ತಂಡದ ಕ್ವಾರ್ಟರ್‌ಬ್ಯಾಕ್ ಜಾಶ್ ಅಲೆನ್ ಅವರಂಥವರು ಈ ಲೆಕ್ಕವನ್ನು ಕಲಕುತ್ತಾರೆ: 2018ರಲ್ಲಿ ಶೇಕಡ 52.8ರಷ್ಟಿದ್ದ ಅವರ ಪಾಸ್ ನಿಖರತೆ 2020ರಲ್ಲಿ 69.2ಕ್ಕೆ ಏರಿತು. ಇದರಲ್ಲಿ ಎಸೆತದ ತಿದ್ದುಪಡಿಯ ಪಾಲೆಷ್ಟು, ರಿಸೀವರ್ ಸ್ಟೆಫಾನ್ ಡಿಗ್ಸ್ ತಂಡಕ್ಕೆ ಬಂದುದರ ಪಾಲೆಷ್ಟು, ಓದು ಬಲಿತುದರ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಹೀಗಾಗಿ ಹೊಸಬನ ವಿಷಯದಲ್ಲಿ ನಾನು ಮೊದಲ ಪಂದ್ಯದಿಂದ ತೀರ್ಮಾನಕ್ಕೆ ಬರುವುದಿಲ್ಲ. ಲೀಗ್‌ನ ಒಂದೇ ಡಿವಿಷನ್‌ನ (ಗುಂಪಿನ) ತಂಡಗಳು ಪ್ರತಿ ಋತುವಿನಲ್ಲೂ ಎರಡು ಸಲ ಎದುರಾಗುತ್ತವೆ; ಮೊದಲ ಸಲ ತನ್ನನ್ನು ಮೋಸಗೊಳಿಸಿದ ವ್ಯೂಹವನ್ನೇ ಅವರು ಮತ್ತೆ ಒಡ್ಡಿದಾಗ ಚೆಂಡು ಎಷ್ಟು ಬೇಗ ಕೈಬಿಟ್ಟಿತು ಎಂಬುದನ್ನು ಎರಡನೆಯ ಪಂದ್ಯದಲ್ಲಿ ನೋಡುತ್ತೇನೆ.