ಮುಚ್ಚಿದ ಗಣಿಯ ಊರಿನಲ್ಲಿ ಕಂಡ ಉತ್ತರ

ಹಳೆಯ ದಿನಗಳೇ ಚೆನ್ನಾಗಿದ್ದವು ಎಂದು ಮನಸ್ಸು ಹೇಳುತ್ತಿರುವಾಗ ವರ್ತಮಾನದಲ್ಲಿ ಬದುಕುವುದು ಮೇಲೆಂದು ಏಕೆ ಒಪ್ಪಬೇಕು ಎಂದು ನೀವು ಕೇಳಿದ್ದೀರಿ. ನಾನು ಕೋಲಾರ ಜಿಲ್ಲೆಯವನು. ಇಲ್ಲಿನ ಚಿನ್ನದ ಗಣಿಯ ಊರಾದ ಕೆಜಿಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್) ಅನ್ನು ಬಿಟ್ಟು ಈ ಪ್ರಶ್ನೆಯನ್ನು ಯೋಚಿಸುವುದು ನನಗೆ ಸಾಧ್ಯವಿಲ್ಲ.

ಅಲ್ಲಿ 1880ರಲ್ಲಿ ಬ್ರಿಟಿಷರ ಜಾನ್ ಟೇಲರ್ ಕಂಪನಿ ಗಣಿ ಕೆಲಸ ಆರಂಭಿಸಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಊರಿನ ಹಿರಿಯರು ಮಾತಿಗೆ ಕುಳಿತರೆ ಶಿಫ್ಟಿನ ಸೈರನ್, ಸಂಬಳದ ದಿನದ ಪೇಟೆ, ಕಂಪನಿಯ ಆಸ್ಪತ್ರೆ ಎಲ್ಲವೂ ಕಣ್ಣಿಗೆ ಕಟ್ಟುವಂತೆ ಬರುತ್ತವೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಚಾಂಪಿಯನ್ ರೀಫ್ ಗಣಿಯ ಸೆಕೆ, ಬಂಡೆ ಸಿಡಿದು ಸತ್ತವರು, ಕಲ್ಲಿನ ಧೂಳಿನಿಂದ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಹಿಡಿದು ಉಸಿರಿಗಾಗಿ ಒದ್ದಾಡಿದವರು ಮಾತ್ರ ಆ ಮಾತಿನಲ್ಲಿ ಅಷ್ಟು ಸುಲಭವಾಗಿ ಬರುವುದಿಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ಪ್ರತಿ ಸಲ ನೆನೆಯುವಾಗಲೂ ಮನಸ್ಸು ಹಳೆಯದನ್ನು ಹೊಸದಾಗಿ ಕಟ್ಟುತ್ತದೆ, ಕಟ್ಟುವಾಗ ಆಯ್ದುಕೊಳ್ಳುತ್ತದೆ. ಆದ್ದರಿಂದ ಗತದಲ್ಲಿ ಬದುಕುತ್ತೇನೆ ಎನ್ನುವವನಿಗೆ ನಿಜವಾದ ಗತವೂ ದಕ್ಕುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗಣಿ ಮತ್ತೆ ತೆರೆಯುತ್ತದೆ ಎಂದು ಕಾಯುತ್ತ ಬೇರೆ ಯಾವ ಕೆಲಸಕ್ಕೂ ಕೈಹಾಕದೆ ಕುಳಿತವರನ್ನು ನಾನು ಬಲ್ಲೆ. ನಸುಕಿನಲ್ಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವವರನ್ನೂ ಬಲ್ಲೆ. ಎರಡನೆಯವರ ಬದುಕು ಸುಖದ್ದೆಂದು ನಾನು ಹೇಳಲಾರೆ; ಕಾಲಿಡಲೂ ಜಾಗವಿಲ್ಲದ ಬೋಗಿಯಲ್ಲಿ ನಿಂತು ದಿನವೂ ಹೋಗಿಬರುವುದು ದೇಹವನ್ನು ಸವೆಸುತ್ತದೆ. ಆದರೂ ಅವರ ದುಡಿಮೆಗೆ ಫಲವುಂಟು, ಅವರ ಮಕ್ಕಳ ಶಾಲೆಯ ಶುಲ್ಕ ಆ ದುಡಿಮೆಯಿಂದಲೇ ಸಂದಾಯವಾಗುತ್ತದೆ, ಕೆಲಸ ಹಿಡಿಸದಿದ್ದರೆ ಇನ್ನೊಂದನ್ನು ಹುಡುಕುವ ದಾರಿಯೂ ಅವರ ಮುಂದಿದೆ. ಕಳೆದ ದಿನಗಳ ಮೇಲೆ ಎಷ್ಟೇ ದುಡಿದರೂ ಅಲ್ಲಿ ಒಂದು ಕಲ್ಲೂ ಕದಲುವುದಿಲ್ಲ.

ಇದಕ್ಕೆ ಮನಶ್ಶಾಸ್ತ್ರದ ಆಧಾರವೂ ಇದೆ. 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಭೂಕಂಪವಾದಾಗ ಸೂಸನ್ ನೋಲೆನ್-ಹೋಕ್ಸೆಮಾ ಎಂಬ ವಿದ್ವಾಂಸೆಯ ಬಳಿ ಆಕಸ್ಮಿಕವಾಗಿ ಅದಕ್ಕೆ ಮೊದಲೇ ಕೆಲವು ವಿದ್ಯಾರ್ಥಿಗಳ ಮನಃಸ್ಥಿತಿಯ ಮಾಹಿತಿ ಇತ್ತು. ನೋವನ್ನೇ ಮತ್ತೆ ಮತ್ತೆ ಮೆಲುಕು ಹಾಕುವ ಸ್ವಭಾವದವರಲ್ಲಿ ಭೂಕಂಪದ ನಂತರ ಖಿನ್ನತೆಯ ಲಕ್ಷಣಗಳು ಹೆಚ್ಚಾಗಿ ಉಳಿದುಕೊಂಡದ್ದು ಆ ವಿದ್ವಾಂಸೆಗೆ ಕಂಡುಬಂತು. ಒಂದೇ ಸಂಕಟವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರೆ ಪರಿಹಾರ ಸಿಗುತ್ತದೆ ಎನಿಸುತ್ತದೆ, ಆದರೆ ಹಾಗೆ ನೋಡುವುದರಲ್ಲೇ ಪರಿಹಾರಕ್ಕೆ ಬೇಕಾದ ಶಕ್ತಿ ಖರ್ಚಾಗಿಬಿಡುತ್ತದೆ.

ಮರೆತುಬಿಡಿ ಎಂದು ಮಾತ್ರ ನಾನು ಹೇಳುತ್ತಿಲ್ಲ. ಗಾಳಿಯ ತಿಂಗಳುಗಳಲ್ಲಿ ಕೆಜಿಎಫ್‌ನ ಸೈನೈಡ್ ದಿಬ್ಬಗಳಿಂದ, ಅಂದರೆ ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳಿಂದ, ಧೂಳು ಇಂದಿಗೂ ಮನೆಗಳೊಳಗೆ ಬರುತ್ತದೆ. ಅದು ಹಳೆಯ ಗಣಿಯ ಕಸವಾದರೂ ಅದನ್ನು ಉಸಿರಾಡುವವರು ಇಂದಿನ ಮಕ್ಕಳು. ಆ ದಿಬ್ಬಗಳ ಮೇಲೆ ಗಿಡ ಬೆಳೆಸುವುದಕ್ಕೂ ಹಳೆಯ ಕಾರ್ಮಿಕರ ಎದೆಯ ತಪಾಸಣೆಗೂ ಚರಿತ್ರೆ ಗೊತ್ತಿರಬೇಕು, ಆದರೆ ಕೆಲಸ ನಡೆಯಬೇಕಾದದ್ದು ಈಗ. ನಿಮ್ಮನ್ನು ಹಿಂದಕ್ಕೆ ಸೆಳೆಯುತ್ತಿರುವುದು ಏನೆಂದು ನೀವು ಬರೆದಿಲ್ಲ. ಅದರಲ್ಲಿ ಕೇಳಬೇಕಾದ ಕ್ಷಮೆಯೋ, ತೀರಿಸಬೇಕಾದ ಸಾಲವೋ, ಕಾಣಬೇಕಾದ ಮನುಷ್ಯರೋ ಉಳಿದಿದ್ದರೆ ದಯವಿಟ್ಟು ಈ ವಾರವೇ ಅಲ್ಲಿಂದ ಆರಂಭಿಸಿ.